ಮೂರನೇ ಮಹಡಿಗೆ ಹೊತ್ತ ಮಿಷಿನ್ನು

ನನ್ನ ಕಿಡ್ನಿ ಹೊರಗೆ ತೆಗೆಯಲು ರಾಟೆ, ಹಗ್ಗ ಎರಡೂ ಬೇಕಾದವು. ಡಾಕ್ಟರು ಮೊದಲು ಕೈಯಲ್ಲೇ ಎಳೆದು ನೋಡಿದರು. ಅಲ್ಲಾಡಲಿಲ್ಲ. ನರ್ಸಮ್ಮನೂ ಕೈ ಹಾಕಿದಳು. ಉಹುಂ. ಕೊನೆಗೆ ಕೆಳಗೆ ಲಾರಿ ಹತ್ತಿರ ನಿಂತಿದ್ದ ನಮ್ಮ ಗ್ಯಾಂಗಿನಿಂದ ಇಬ್ಬರು ಗಟ್ಟಿ ಆಳುಗಳನ್ನು ಕರೆಸಿ, ಕೈಕಾಲು ತೊಳೆಸಿ, ಬಾಯಿಗೆ ಬಟ್ಟೆ ಕಟ್ಟಿಸಿ, 'ಹೂಂ, ಎತ್ತಿ' ಅಂದರು. ತಕ್ಕಡಿ ಮುರಿಯಿತು. ಪಕ್ಕದ ಕೋಣೆಗೆ ಸಾಗಿಸುವಾಗ ತಳ್ಳುಗಾಡಿಯ ಚಕ್ರ ಬಾಗಿತು. ನಂಬದವರು ಹೋಗಿ ಆ ಚಕ್ರ ನೋಡಿಕೊಂಡು ಬರಬಹುದು.

ನನ್ನನ್ನು ಎಲ್ಲರೂ ಬುರುಡೆ ಅನ್ನುತ್ತಾರೆ. ಹೊಟ್ಟೆಕಿಚ್ಚು, ಬೇರೇನಿಲ್ಲ. ಮನೆ ಸಾಮಾನು ಸಾಗಿಸುವ ಕೆಲಸದಲ್ಲಿ ನನ್ನಷ್ಟು ಬೀರು ಹೊತ್ತವನು ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ. ಒಂದು ಸಲ ಒಂದು ಪಿಯಾನೋವನ್ನು ಬಾರಿಸುತ್ತಿದ್ದವನ ಸಮೇತ ಇಳಿಸಿದ್ದೇನೆ. ಬೀದಿಗೆ ಬಂದ ಮೇಲೆ ಅವನಿಗೆ ಬಿಸಿಲು ತಾಗಿ ಗೊತ್ತಾಯಿತು.

ಈಗ ನಮ್ಮ ಸಂಘದವರು ಆಸ್ಪತ್ರೆಯಲ್ಲಿ ನಡೆದದ್ದನ್ನು ಬರೆದುಕೊಡು ಅಂದಿದ್ದಾರೆ. ಅಚ್ಚು ಹಾಕಿಸಿ ಹಂಚುತ್ತಾರಂತೆ. ಮುಂದೆ ನಮ್ಮವರು ಯಾರಾದರೂ ಕಿಡ್ನಿ ಕೊಡಲು ಹೋದರೆ ಅಲ್ಲಿ ಏನು ಕೇಳುತ್ತಾರೆ, ಎಲ್ಲಿ ಬಗ್ಗಿಸುತ್ತಾರೆ ಅನ್ನುವುದು ಮೊದಲೇ ತಿಳಿದಿರಲಿ ಅಂತ. ಗ್ಯಾಂಗಿನ ಮೇಸ್ತ್ರಿ "ಇದ್ದದ್ದು ಇದ್ದ ಹಾಗೆ ಬರಿ, ಮಾರಾಯ" ಅಂದ. ಇದ್ದದ್ದಕ್ಕಿಂತ ಕಡಿಮೆ ನಾನು ಯಾವತ್ತೂ ಹೇಳಿದವನಲ್ಲ.

ಸುಮ್ನಕ್ಕ ನನ್ನ ಕೆಲಸದ ಜೊತೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಎತ್ತರದಲ್ಲಿ ನನ್ನ ಭುಜ ಮುಟ್ಟುವುದಿಲ್ಲ. ಮಾತು ಕಡಿಮೆ, ಅದಕ್ಕೇ ಆ ಹೆಸರು. ಅವಳು ಗ್ಯಾಂಗಿಗೆ ಸೇರಿದ ದಿನ ಎಲ್ಲರೂ ನಕ್ಕರು. ಹೆಂಗಸು, ಪಾತ್ರೆ ಪಗಡೆ ಎತ್ತಿಡಲಿ ಅಂದರು. ಅವಳು ಒಂದು ಫ್ರಿಜ್ಜಿಗೆ ಪಟ್ಟಿ ಸುತ್ತಿ ಬೆನ್ನಿಗೇರಿಸಿಕೊಂಡು ನಡೆದುಬಿಟ್ಟಳು. ನಕ್ಕವರ ತೆರೆದ ಬಾಯಿ ಇನ್ನೂ ಮುಚ್ಚಿಲ್ಲ. ಕೆಲವರ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿದೆ.

ಮೆಟ್ಟಿಲ ಮೇಲೆ ಬೀರು ಇಳಿಸುವುದು ಹೇಗೆ ಅಂತ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಹೇಳುತ್ತೇನೆ. ಇಬ್ಬರು ಬೇಕು. ಒಬ್ಬರು ಕೆಳಗೆ, ಒಬ್ಬರು ಮೇಲೆ. ಇಬ್ಬರ ಸೊಂಟಕ್ಕೂ ಪಕ್ಕೆಗೂ ಸೇರಿಸಿ ಅಗಲದ ಪಟ್ಟಿ ಬಿಗಿದಿರಬೇಕು. ಕೆಳಗಿನವರು ಹಿಂದಹಿಂದಕ್ಕೆ ಇಳಿಯಬೇಕು. ಮೆಟ್ಟಿಲು ಕಾಣುವುದಿಲ್ಲ. ಮುಖದ ಮುಂದೆ ಬರೀ ತಗಡು. ಮೇಲಿನವರು ಭಾರ ತಡೆದು ಹಿಡಿದು 'ಇನ್ನೊಂದಿದೆ', 'ತಿರುವು', 'ನಿಲ್ಲು' ಅಂತ ಹೇಳುತ್ತಿರಬೇಕು. ಮೇಲಿನವರ ಕೈ ಜಾರಿದರೆ ಕೆಳಗಿನವರು ಗೋಡೆಗೂ ಬೀರುವಿಗೂ ನಡುವೆ ಚಪ್ಪಟೆ. ಅದಕ್ಕೇ ಮೇಲಿನವರನ್ನು ಆರಿಸುವಾಗ ನಾವು ಅಣ್ಣ ತಮ್ಮ, ಮಾವ ಮೈದುನ ಅಂತ ನೋಡುವುದಿಲ್ಲ. ಸ್ವಂತ ತಮ್ಮನನ್ನು ಮೇಲೆ ನಿಲ್ಲಿಸಿಕೊಂಡು ಕಾಲು ಮುರಿದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕೆಳಗೆ, ಸುಮ್ನಕ್ಕ ಮೇಲೆ. ಎಷ್ಟೋ ವರ್ಷ. ಅವಳು ಬಾಯ್ತುಂಬ ಮಾತಾಡುವ ಜಾಗ ಅದೊಂದೇ.

ಕಾಯಿಲೆ ಬಂದದ್ದು ಅವಳಿಗೆ. ಮೊದಲು ಪಾದ ಊದಿತು. ಬೆರಳಿಂದ ಒತ್ತಿದರೆ ಹಿಟ್ಟಿನ ಮೇಲೆ ಒತ್ತಿದ ಹಾಗೆ ಗುಳಿ. ಆಮೇಲೆ ಉಸಿರು. ಒಂದು ಮಹಡಿ ಹತ್ತುವಷ್ಟರಲ್ಲಿ ಎದೆಯಲ್ಲಿ ತಿದಿ ಒತ್ತಿದ ಸದ್ದು. ಎರಡೂ ಕಿಡ್ನಿ ಹೋಗಿವೆ ಅಂದರು. ವಾರದಲ್ಲಿ ಮೂರು ಸಲ ಡಯಾಲಿಸಿಸ್ ಕುರ್ಚಿ. ಸೂಜಿ ಚುಚ್ಚಲು ಎಡಗೈಯ ನರ ಜೋಡಿಸಿ ದಪ್ಪ ಮಾಡಿದರು. ಆ ಕೈಯಲ್ಲಿ ಇನ್ನು ಭಾರ ಎತ್ತಬಾರದು ಅಂದರು. ಹೊರುವವರಿಗೆ ಆ ಮಾತು ಹೇಳುವುದೂ ಒಂದೇ, ಮನೆಗೆ ಹೋಗಿ ಮಲಗಿಕೊಂಡು ಸಾಯಿ ಅನ್ನುವುದೂ ಒಂದೇ. ನೀರು ಅಳೆದು ಕುಡಿಯಬೇಕು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಗೋಡೆ ಪರಚಬೇಕು ಅನಿಸುತ್ತದೆ. ಇದೆಲ್ಲ ನಿನಗೆ ಹೇಗೆ ಗೊತ್ತು ಅಂತೀರಾ? ನೋಡಿ ತಿಳಿದದ್ದು. ನನ್ನ ಕಣ್ಣು ಅಷ್ಟು ಚುರುಕು.

"ನನ್ನದೊಂದು ತಗೊಳ್ಳಿ" ಅಂದೆ. ಪರೀಕ್ಷೆ ಮಾಡಿದರು. ರಕ್ತ ಹೊಂದಿತು. ನನ್ನ ರಕ್ತ ಯಾರಿಗೆ ಹೊಂದುವುದಿಲ್ಲ, ಆನೆಗೂ ಹೊಂದುತ್ತದೆ.

ಕಿಡ್ನಿ ಡಾಕ್ಟರಮ್ಮ ಒಳ್ಳೆಯವಳು. ಕೂರಿಸಿ, ಬಿಡಿಸಿ ಹೇಳಿದಳು. "ಎರಡರಲ್ಲಿ ಒಳ್ಳೇದು ಯಾವ್ದೋ ಅದನ್ನ ಕೊಡೋರ ಹತ್ರಾನೇ ಬಿಡ್ತೀವಿ. ಎರಡೂ ಸಮ ಇದ್ರೆ ಎಡಗಡೇದು ತೆಗೀತೀವಿ. ಅದರ ರಕ್ತನಾಳ ಉದ್ದ, ಜೋಡಿಸೋಕೆ ಸಲೀಸು."

"ಮೊದಲು ಹೇಳಿದ್ದನ್ನ ಇನ್ನೊಂದ್ಸಲ ಹೇಳಿ."

"ಒಳ್ಳೇದು ಕೊಡೋರ ಹತ್ರಾನೇ ಉಳೀಬೇಕು."

ಅಂಥ ಕಾನೂನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ನಾವು ಕೊಟ್ಟ ಕಡೆಯಲ್ಲೆಲ್ಲ ಒಳ್ಳೆಯದು ಅವರಿಗೆ ಹೋಗಿ, ಉಳಿದದ್ದು ನಮ್ಮ ಹತ್ತಿರ ಇರುತ್ತದೆ.

ತೆಗೆಯುವುದಕ್ಕೆ ಎರಡು ದಾರಿ ಅಂದಳು. ಹೊಟ್ಟೆಯಲ್ಲಿ ಮೂರು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಬಿಟ್ಟು, ಒಳಗೇ ಬಿಡಿಸಿಕೊಂಡು, ಕಿಬ್ಬೊಟ್ಟೆಯಲ್ಲಿ ನಾಲ್ಕು ಬೆರಳಗಲ ಕೊಯ್ದು ಹೊರಗೆ ತರುವುದು ಒಂದು. ಇನ್ನೊಂದು ಹಳೆಯದು. ಪಕ್ಕೆಯಲ್ಲಿ ಗೇಣುದ್ದಕ್ಕೂ ಮೀರಿ ಕೊಯ್ಯಬೇಕು, ಮಾಂಸ ಕತ್ತರಿಸಬೇಕು, ಕೆಲವು ಸಲ ಪಕ್ಕೆಲುಬಿನ ತುದಿಯನ್ನೂ ತೆಗೆಯಬೇಕು.

"ನೀವು ಪಟ್ಟಿ ಎಲ್ಲಿ ಬಿಗೀತೀರಿ?" ಅಂತ ಕೇಳಿದಳು.

ಪಕ್ಕೆಯ ಮೇಲೆ ಕೈಯಿಟ್ಟು ತೋರಿಸಿದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಹಾಗಾದ್ರೆ ತೂತಲ್ಲೇ ತೆಗೀಬೇಕು. ಹೊಸ ಕ್ಯಾಮೆರಾ ಮಿಷಿನ್ನು ಬರ್ತಿದೆ. ಅಷ್ಟರಲ್ಲಿ ಸಮಿತಿಯಿಂದ ಒಪ್ಪಿಗೆ ತನ್ನಿ."

ಸಮಿತಿ ಕೂರುವುದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ. ರಕ್ತ ಸಂಬಂಧ ಇಲ್ಲದವರು ಕಿಡ್ನಿ ಕೊಟ್ಟರೆ ಅದು ಮಾರಾಟವಲ್ಲ, ಪ್ರೀತಿಯಿಂದಲೇ ಅಂತ ಅಲ್ಲಿ ಒಪ್ಪಿಸಬೇಕು. ನಮಗಿಂತ ಮುಂಚೆ ಒಬ್ಬ ಗಿರಣಿ ಮಾಲೀಕ, ಅವನಿಗೆ ಕಿಡ್ನಿ ಕೊಡಲು ಅವನ ಕಾರು ಓಡಿಸುವವನು. ಮಾಲೀಕನಿಗೆ ಎದೆಯೆತ್ತರದ ಗಂಡುಮಕ್ಕಳಿದ್ದರು. ಅವರು ಗೋಡೆಗೊರಗಿ ಫೋನು ನೋಡುತ್ತಿದ್ದರು. ಡ್ರೈವರು ಬೆಂಚಿನ ತುದಿಯಲ್ಲಿ, ಅರ್ಧ ಕೂತು ಅರ್ಧ ಎದ್ದು, ತುಟಿ ಅಲ್ಲಾಡಿಸುತ್ತಿದ್ದ. ಪಾಠ ಒಪ್ಪಿಸುವ ಮೊದಲು ಮಕ್ಕಳು ಹಾಗೆ ಮಾಡುತ್ತಾರೆ. ಒಳಗೆ ಹೋದ, ಬಂದ. ಒಪ್ಪಿಗೆ ಸಿಕ್ಕಿತು. ಬಿಸಿ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಮೇಲೆ ನಮ್ಮನ್ನು ಕರೆದರು. ಮೇಜಿನ ಆಚೆ ಅಧ್ಯಕ್ಷರು, ಅವರ ಪಕ್ಕ ಒಬ್ಬ ವಕೀಲಮ್ಮ. ಈಚೆ ಕುರ್ಚಿ ಇತ್ತು. ಕೂರಿ ಅನ್ನಲಿಲ್ಲ.

"ಇವರು ನಿನಗೇನಾಗ್ಬೇಕು?" ಅಧ್ಯಕ್ಷರು ನನ್ನನ್ನು ಕೇಳಿದರು.

"ಕೆಲಸದ ಜೊತೆ."

"ಕೆಲಸ ಕೇಳ್ಲಿಲ್ಲ. ಸಂಬಂಧ."

"ಅದನ್ನೇ ಹೇಳ್ತಿರೋದು."

"ರಕ್ತ ಸಂಬಂಧದವರು ಯಾರೂ ಇಲ್ವೇನಮ್ಮ?" ಅಂತ ಸುಮ್ನಕ್ಕನ ಕಡೆ ತಿರುಗಿದರು. ಅವಳಿಗೆ ಉಸಿರಿಲ್ಲ. ನಾನೇ ಹೇಳಿದೆ, "ತಮ್ಮ ಇದಾನೆ ಸಾರ್. ಕಾಯಿಲೆ ಅಂತ ಗೊತ್ತಾದ ದಿನಾನೇ ಫೋನ್ ನಂಬರ್ ಬದಲಾಯಿಸ್ದ."

ವಕೀಲಮ್ಮ ಫೋಟೋ ಕೇಳಿದಳು. ಒಟ್ಟಿಗೆ ತೆಗೆಸಿಕೊಂಡದ್ದು, ಹಳೆಯದು, ಪ್ರೀತಿ ವಿಶ್ವಾಸ ಕಾಣುವಂಥದ್ದು. ಮಾಲೀಕನ ಕಡೆಯವರು ಆಲ್ಬಮ್ಮೇ ತಂದಿದ್ದರಂತೆ. ಮನೆಯವರು ನಗುತ್ತಾ ನಿಂತ ಫೋಟೋಗಳಲ್ಲಿ ಎಲ್ಲೋ ಹಿಂದೆ ಕಾರಿನ ಬಾಗಿಲು ಹಿಡಿದ ಡ್ರೈವರು.

"ನಮ್ದೊಂದೂ ಇಲ್ಲಮ್ಮ. ನಾವು ಒಟ್ಟಿಗಿರೋವಾಗ ನಾಲ್ಕೂ ಕೈ ಬೀರು ಕೆಳಗಿರುತ್ತೆ."

"ಪ್ರೀತಿ ಇದೆ ಅಂತ ನಾವು ಹೇಗೆ ನಂಬೋದು?"

"ಪ್ರೀತಿ ಇದೆ ಅಂತ ನಾನೆಲ್ಲಿ ಹೇಳ್ದೆ? ಕಂಡ್ರೆ ಮೈ ಉರಿಯುತ್ತೆ. ದಿನ ಬೆಳಗಾದ್ರೆ ಜಗಳ."

"ಮತ್ಯಾಕೆ ಕೊಡ್ತೀಯ?"

"ಸತ್ರೆ ನಾಳೆ ಬೀರು ಯಾರ ಜೊತೆ ಹೊರ್ಲಿ?"

ಅಧ್ಯಕ್ಷರು ಬೆನ್ನು ಹಿಂದಕ್ಕೆ ಒರಗಿಸಿದರು. ಎಷ್ಟಕ್ಕೆ ಮಾತಾಯಿತು ಅಂತ ಕೇಳಿದರು. ಇಬ್ಬರ ನಡುವೆ ಬೇರೇನಾದರೂ ಇದೆಯಾ ಅಂತಲೂ ಕೇಳಿದರು. ಆ 'ಬೇರೇನಾದರೂ' ಅನ್ನುವಾಗ ಕೋಣೆಯಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು. ನಾನು ಅವರನ್ನು ಒಂದು ನೋಟ ನೋಡಿದೆ. ಮೇಜಿನ ಮೇಲಿದ್ದ ಗಾಜಿನ ಲೋಟ ತಾನಾಗಿ ಒಡೆಯಿತು.

ಅರ್ಜಿ ತಿರಸ್ಕಾರ. ಸಂಬಂಧಿಕರನ್ನು ಕರೆದುಕೊಂಡು ಬನ್ನಿ.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಲಾರಿ ಬಂತು. ಕ್ಯಾಮೆರಾ ಮಿಷಿನ್ನು. ದೊಡ್ಡ ಮರದ ಪೆಟ್ಟಿಗೆ, ಆಸ್ಪತ್ರೆಯ ಲಿಫ್ಟಿಗಿಂತ ದೊಡ್ಡದು. ಅದನ್ನು ಮೂರನೇ ಮಹಡಿಯ ಆಪರೇಷನ್ ಕೋಣೆಗೆ ಹೊರಲು ಕರೆದದ್ದು ಯಾರನ್ನು? ನಮ್ಮ ಗ್ಯಾಂಗನ್ನೇ.

ನಾನು ಕೆಳಗೆ, ಮೇಸ್ತ್ರಿ ಮೇಲೆ. ಮೇಸ್ತ್ರಿ ಸುಮ್ಮನೆ ಮುಟ್ಟಿಕೊಂಡಿದ್ದ ಅಷ್ಟೆ, ಭಾರವೆಲ್ಲ ನನ್ನದು. ಪಟ್ಟಿ ಪಕ್ಕೆಗೆ ಕಚ್ಚಿತು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈಯಿಲ್ಲ. ಮೊದಲ ಮಹಡಿ. ಎರಡು. ಎರಡಕ್ಕೂ ಮೂರಕ್ಕೂ ನಡುವಿನ ತಿರುವಿನಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಇದನ್ನು ಮೇಲೆ ಇಟ್ಟು ಕೆಳಗಿಳಿದರೆ ನಮ್ಮ ಕೆಲಸ ಮುಗಿಯಿತು. ಮಿಷಿನ್ನು ಮೇಲೆ ಇರುತ್ತದೆ. ಸುಮ್ನಕ್ಕ ಸಾಯುತ್ತಾಳೆ.

"ಇಳಿಸು" ಅಂದೆ.

"ಇನ್ನೊಂದೇ ಮಹಡಿ ಕಣೋ."

"ಇಳಿಸು."

ಇಳಿಸಿದೆವು. ಕಟ್ಟಡ ನಡುಗಿತು. ಕೆಳಗಿನ ಹೆರಿಗೆ ಕೋಣೆಯಲ್ಲಿ ಒಟ್ಟಿಗೆ ನಾಲ್ಕು ಹೆರಿಗೆಯಾದವು. ಮೆಟ್ಟಿಲು ಬಂದ್. ಹತ್ತುವವರಿಗೂ ಇಲ್ಲ, ಇಳಿಯುವವರಿಗೂ ಇಲ್ಲ. ಸಮಿತಿ ಮುಗಿಸಿ ಬಂದ ಅಧ್ಯಕ್ಷರು ಮೇಲಿನ ಮೆಟ್ಟಿಲಲ್ಲಿ ನಿಂತರು. ಲಿಫ್ಟು ಕೂಡ ನನಗೆ ಹೆದರಿ ಕೆಟ್ಟು ನಿಂತಿತ್ತು.

"ಏನಯ್ಯ ಇದು, ತೆಗಿ ಅದನ್ನ."

"ಒಬ್ಬನ ಕೈಲಿ ಆಗಲ್ಲ ಸಾರ್. ಮೇಲಿನ ತುದಿ ನೀವು ಹಿಡೀರಿ."

ಹಿಡಿದರು. ಕೋಟು ಬಿಚ್ಚಿ, ತೋಳು ಮಡಚಿ ಹಿಡಿದರು. ನಾನು ಕೆಳಗೆ ನಿಂತು ಎತ್ತಿದೆ. ಅವರ ಮುಖ ಬೀಟ್‌ರೂಟ್ ಆಯಿತು. ನನ್ನ ಜೀವ ಅವರ ಬೆರಳ ತುದಿಯಲ್ಲಿ. ಅದು ಅವರಿಗೂ ಗೊತ್ತಾಯಿತು, ಯಾಕೆಂದರೆ ಕಣ್ಣಲ್ಲಿ ನೀರು ಬಂತು.

"ಈಗ ನಾನು ನಿಮಗೇನಾಗ್ಬೇಕು ಹೇಳಿ ಸಾರ್" ಅಂದೆ.

ಅವರು ಬಿಕ್ಕಿ ಬಿಕ್ಕಿ ಅತ್ತರು. ಆ ಪೆಟ್ಟಿಗೆಯ ಮೇಲೇ ಕಾಗದ ಹರಡಿ ಸಹಿ ಹಾಕಿದರು. ವಕೀಲಮ್ಮ ಚಪ್ಪಾಳೆ ತಟ್ಟಿದಳು. ಆಪರೇಷನ್ ಡಾಕ್ಟರು ಓಡಿ ಬಂದು ಕೈಮುಗಿದು, "ಈ ಮಿಷಿನ್ನು ನೀವೇ ಹೊತ್ತದ್ದು, ಮೊದಲು ನಿಮಗೇ ಬಳಸ್ತೀನಿ" ಅಂದರು. ಮೂರೇ ತೂತು. ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ. ಮೂರನೇ ದಿನ ನಾನು ಪಟ್ಟಿ ಬಿಗಿದು ಬೀರು ಹೊತ್ತೆ.

ಇಲ್ಲಿಯವರೆಗೆ ಬರೆದು, ಗ್ಯಾಂಗಿನ ಶೆಡ್ಡಿನಲ್ಲಿ ಕೂತಿದ್ದ ಸುಮ್ನಕ್ಕನಿಗೆ ಓದಿ ಹೇಳಿದೆ. ಅವಳು ಹರಿದ ಪಟ್ಟಿ ಹೊಲಿಯುತ್ತಿದ್ದಳು. ದಬ್ಬಳ ನಿಲ್ಲಿಸಲಿಲ್ಲ. ನಾನು ಮುಗಿಸಿ ಹೇಗಿದೆ ಅನ್ನುವ ಹಾಗೆ ನೋಡಿದೆ.

"ಅಂಗಿ ಎತ್ತು" ಅಂದಳು.

"ಯಾಕಕ್ಕ?"

"ಎತ್ತೋ."

ಮೇಸ್ತ್ರಿ ಇದ್ದ. ಇನ್ನೂ ಕೆಲವರು ಇದ್ದರು. ನಾನು ನಕ್ಕು ಮಾತು ತಿರುಗಿಸಲು ನೋಡಿದೆ. ಅವಳು ಎದ್ದು ಬಂದು ನನ್ನ ಅಂಗಿ ತಾನೇ ಎತ್ತಿದಳು. ತೂತು ಒಂದೂ ಇಲ್ಲ. ಬಲಗಡೆ ಕಿಬ್ಬೊಟ್ಟೆಯಲ್ಲಿ ತೊಡೆಯ ಸಂದಿನ ಕಡೆಗೆ ಬಾಗಿ ಇಳಿದ ಗೀರು. ಕೊಟ್ಟವರಿಗೆ ಅಲ್ಲಿ ಅಂಥ ಗೀರು ಇರುವುದಿಲ್ಲ. ತೆಗೆದುಕೊಂಡವರಿಗೆ ಹೊಸ ಕಿಡ್ನಿ ಕೂರಿಸುವ ಜಾಗ ಅದು.

"ನಂದೂ ತೋರಿಸ್ಬೇಕಾ?" ಅಂದಳು.

"ಬೇಡಕ್ಕ."

"ಬೇಡ ಅಂದ್ರೆ? ಬರೆಯೋನು ನೋಡ್ಬೇಕಲ್ವಾ." ಪಕ್ಕೆಯ ಬಟ್ಟೆ ಸರಿಸಿದಳು. ಹಿಂದಿನಿಂದ ಮುಂದಕ್ಕೆ, ಒಂದು ಗೇಣು ದಾಟಿ, ಹಗ್ಗ ಮಲಗಿದ ಹಾಗೆ ಗೀರು. ಅದರ ಕೆಳಗೆ ಮಾಂಸ ಸಡಿಲವಾಗಿ ಉಬ್ಬಿದೆ. ಪಟ್ಟಿ ಕೂರುವ ಜಾಗ.

"ನಾಳೆ ನಮ್ಮವಳು ಒಬ್ಬಳು ಹೋಗ್ತಾಳೆ" ಅಂದಳು. "ನೀನು ಬರೆದಿದ್ದು ಓದ್ಕೊಂಡು, ತೂತಲ್ಲೇ ತೆಗೀತಾರೆ, ಸೊಳ್ಳೆ ಕಚ್ಚಿದ ಹಾಗೆ ಅನ್ಕೊಂಡು ಹೋಗ್ತಾಳೆ. ಅವಳ ಪಕ್ಕೆ ಹೋದ್ರೆ ಯಾರು ಹೊಣೆ? ನೀನಾ?"

"ನಿನಗೆ ಇಷ್ಟೊಂದು ಮಾತು ಬರುತ್ತಾ ಅಕ್ಕ?"

"ನೀನು ಬಾಯಿ ಮುಚ್ಚಿದ್ರೆ ಎಲ್ಲರಿಗೂ ಬರುತ್ತೆ. ಬರಿ."

ಹಾಗಾಗಿ ಬರೆಯುತ್ತೇನೆ.

ಕಾಯಿಲೆ ಬಂದದ್ದು ನನಗೆ. ಪಾದ ಊದಿದ್ದು ನನ್ನದು. ನಲ್ಲಿ ತೊಟ್ಟಿಕ್ಕಿದರೆ ಗೋಡೆ ಪರಚಿದವನು ನಾನು. ಫೋನ್ ನಂಬರ್ ಬದಲಾಯಿಸಿದ ತಮ್ಮ ನನ್ನ ಬೆನ್ನಿಗೆ ಹುಟ್ಟಿದವನು. ಕೊಟ್ಟವಳು ಸುಮ್ನಕ್ಕ.

ಸಮಿತಿಯ ಮುಂದೆ ಮಾತಾಡಿದವಳು ಅವಳು. ಮೈ ಉರಿಯುತ್ತೆ ಅಂದದ್ದು ನನ್ನನ್ನು ಕುರಿತು. ಎಷ್ಟಕ್ಕೆ ಮಾತಾಯಿತು ಅಂತ ಕೇಳಿದ್ದು ಅವಳನ್ನು. ಇಬ್ಬರ ನಡುವೆ ಬೇರೇನಾದರೂ ಇದೆಯಾ ಅಂತ ಒಬ್ಬ ಹೆಂಗಸನ್ನು ಅಷ್ಟು ಜನರ ಮುಂದೆ ನಿಲ್ಲಿಸಿ ಕೇಳಿದರು. ಲೋಟ ಒಡೆಯಲಿಲ್ಲ. ನಾನು ನೆಲ ನೋಡುತ್ತಾ ನಿಂತಿದ್ದೆ. ಅವಳು ಹೇಳಿದಳು, "ಅದನ್ನ ಡ್ರೈವರ್‌ಗೂ ಕೇಳಿದ್ರಾ?" ಅದಕ್ಕೇ ಅರ್ಜಿ ತಿರಸ್ಕಾರವಾದದ್ದು.

ಮೆಟ್ಟಿಲ ಮೇಲೆ ಪೆಟ್ಟಿಗೆ ಇಳಿಸಿದವಳು ಅವಳು. ಮೇಲಿನ ತುದಿ ಮೇಸ್ತ್ರಿಯದು. ನಾನು ಆ ಹೊತ್ತು ಡಯಾಲಿಸಿಸ್ ಕುರ್ಚಿಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಬಿದ್ದಿದ್ದೆ. ಬಾಗಿಲಾಚೆ ಗಲಾಟೆ ಕೇಳಿಸಿತು. ಎದ್ದು ನೋಡಲೂ ಆಗಲಿಲ್ಲ. ಮುಂದಿನದು ಮೇಸ್ತ್ರಿ ಹೇಳಿದ್ದು. ಅವನು ಬುರುಡೆ ಬಿಡುವವನಲ್ಲ.

ಅಧ್ಯಕ್ಷರು ಪೆಟ್ಟಿಗೆ ಮುಟ್ಟಲಿಲ್ಲ. ಅಳಲೂ ಇಲ್ಲ. ಕಾವಲುಗಾರರನ್ನು ಕರೆಸಿದರು. ಸುಮ್ನಕ್ಕ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಕಾವಲುಗಾರ ರಟ್ಟೆ ಹಿಡಿದು ಎಳೆದ. ಕುಪ್ಪಸದ ತೋಳು ಹರಿಯಿತು. ಅವಳು ಪೆಟ್ಟಿಗೆಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. "ನನ್ನ ಎಳೆದ್ರೆ ಇದೂ ಬರುತ್ತೆ. ಇದು ಬಂದ್ರೆ ಕೆಳಗಿರೋರೆಲ್ಲ ಹೋಗ್ತಾರೆ" ಅಂದಳು. ಕಾವಲುಗಾರ ಕೈ ಬಿಟ್ಟ. ಗ್ಯಾಂಗಿನವರೆಲ್ಲ ಮೆಟ್ಟಿಲ ಮೇಲೇ ಕೂತರು. ಮೇಸ್ತ್ರಿ ಕೂಡ. ಆಸ್ಪತ್ರೆಯವರು ಕೂಲಿ ಕೊಡಲ್ಲ ಅಂದರು. ನಮ್ಮವರು ಬೇಡ ಅಂದರು. ಪೊಲೀಸರನ್ನು ಕರೆಸ್ತೀವಿ ಅಂದರು. ಕರೆಸಿ, ಅವರೇ ಹೊರಲಿ ಅಂದರು. ಕಿಡ್ನಿ ಡಾಕ್ಟರಮ್ಮ ಮೇಲಿಂದ ಬಂದು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತಳು. ಬಿಳಿ ಕೋಟಿಗೆ ಧೂಳು ಮೆತ್ತಿಕೊಂಡಿತು. ಸಂಜೆ ಹೊತ್ತಿಗೆ ಸಹಿ ಬಂತು. ಹೃದಯ ಕರಗಿ ಬರಲಿಲ್ಲ, ಲಿಫ್ಟು ಕೆಟ್ಟಿತ್ತು, ಮೆಟ್ಟಿಲು ಬೇಕಾಗಿತ್ತು ಅಂತ ಬಂತು.

ಆಮೇಲೆ ಸುಮ್ನಕ್ಕ ಎದ್ದು, ಪಟ್ಟಿ ಬಿಗಿದು, ಆ ಪೆಟ್ಟಿಗೆಯನ್ನು ಮೂರನೇ ಮಹಡಿಗೆ ಹೊತ್ತಳು. ಒಂದು ಗೀಚೂ ಬೀಳದ ಹಾಗೆ ಇಟ್ಟಳು.

ಆಪರೇಷನ್ ದಿನ ಅವಳನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುವಾಗ ಮಿಷಿನ್ನು ಗೋಡೆಯ ಪಕ್ಕದಲ್ಲೇ ಇತ್ತು. ಮೇಲೆ ಪ್ಲಾಸ್ಟಿಕ್ ಹೊದಿಕೆ. ಉದ್ಘಾಟನೆ ಆಗಿಲ್ಲ ಅಂದರು. ದೊಡ್ಡವರು ಯಾರೋ ಬಂದು ರಿಬ್ಬನ್ನು ಕತ್ತರಿಸಬೇಕಂತೆ. ಕಾಯ್ತೀನಿ ಅಂದಳು. ಪುಕ್ಕಟೆ ವಾರ್ಡಿನವರಿಗೆ ಇವತ್ತು ಬಿಟ್ಟರೆ ಯಾವಾಗ ಅಂತ ಹೇಳಕ್ಕಾಗಲ್ಲ, ಅಷ್ಟರಲ್ಲಿ ಕಿಡ್ನಿ ತಗೊಳ್ಳೋನು ಉಳಿದರೆ ನೋಡೋಣ ಅಂದರು. ಪೆನ್ನಲ್ಲಿ ಪಕ್ಕೆಯ ಮೇಲೆ ಗೆರೆ ಎಳೆದರು. ಆ ಗೆರೆ ಎಲ್ಲಿ ಹಾದುಹೋಗುತ್ತಿದೆ ಅಂತ ಅವಳಿಗೆ ಗೊತ್ತಿತ್ತು. ಕೊಯ್ಯಿರಿ ಅಂದಳು.

ಅದೇ ವಾರ ಪ್ಲಾಸ್ಟಿಕ್ ತೆಗೆದು, ಮಾಲೀಕನ ಡ್ರೈವರಿಗೆ ಮೂರು ತೂತು ಮಾಡಿದರು. ಮಾಲೀಕನಿಗೆ ಅವನು ಬೇಗ ಸ್ಟಿಯರಿಂಗ್ ಹಿಡಿಯಬೇಕಾಗಿತ್ತು. ಡ್ರೈವರನ್ನು ನಾವು ಬೈಯುವುದಿಲ್ಲ. ಕೊಡ್ತೀಯಾ ಅಂತ ಅವನನ್ನು ಯಾರೂ ಕೇಳಿರಲಿಕ್ಕಿಲ್ಲ.

ಸುಮ್ನಕ್ಕ ಈಗ ಹೊರುವುದಿಲ್ಲ. ಶೆಡ್ಡಿನಲ್ಲಿ ಕೂತು ಪಟ್ಟಿ ಹೊಲಿಯುತ್ತಾಳೆ. ಮುಂದೆ ಹೋಗುವವರು ಇಷ್ಟು ತಿಳಿದಿರಿ: ಸಹಿ ಹಾಕುವ ಮೊದಲು ತೂತಾ, ಪಕ್ಕೆಯಾ ಕೇಳಿ. ಉತ್ತರ ಬರುವವರೆಗೆ ಸಹಿ ಹಾಕಬೇಡಿ. ಒಬ್ಬರೇ ಹೋಗಬೇಡಿ, ಗ್ಯಾಂಗನ್ನೇ ಕರೆದುಕೊಂಡು ಹೋಗಿ. ಇಷ್ಟನ್ನು ಬರೆಸಿದವಳು ಅವಳು.

ಇನ್ನು ನನ್ನದೊಂದು ಮಾತು. ಹೇಳಿದರೆ ನೀವು ಮತ್ತೆ ಬುರುಡೆ ಅನ್ನುತ್ತೀರಿ. ಕೆಟ್ಟ ಕಿಡ್ನಿಗಳನ್ನು ತೆಗೆದುಹಾಕುವುದಿಲ್ಲ, ಇದ್ದಲ್ಲೇ ಬಿಟ್ಟು ಹೊಸದನ್ನು ಬೇರೆ ಕಡೆ ಕೂರಿಸುತ್ತಾರೆ. ಡಾಕ್ಟರಮ್ಮನನ್ನು ಬೇಕಾದರೆ ಕೇಳಿ. ನನ್ನ ಹೊಟ್ಟೆಯಲ್ಲಿ ಈಗ ಮೂರಿವೆ. ಸುಮ್ನಕ್ಕನ ಹತ್ತಿರ ಒಂದೇ ಇದೆ.